ಕಡಲ ಕೆಸರಿನಲ್ಲಿ ಮಲೆನಾಡಿನ ಮಳೆಯನ್ನು ಓದುವ ಕ್ರಮ

ಮಲೆನಾಡಿನ ಅಡಿಕೆ ಮತ್ತು ಕಾಫಿ ಬೆಳೆಗಾರರಲ್ಲಿ ಮನೆಯಂಗಳದಲ್ಲೇ ಮಳೆಮಾಪಕವಿಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವವರು ಇಂದಿಗೂ ಇದ್ದಾರೆ. ಅಂಥ ಪುಸ್ತಕಗಳನ್ನೂ ಸರ್ಕಾರಿ ದಾಖಲೆಗಳನ್ನೂ ಒಟ್ಟುಗೂಡಿಸಿದರೂ ನಮಗೆ ದೊರೆಯುವುದು ಹೆಚ್ಚೆಂದರೆ ನೂರೈವತ್ತು ವರ್ಷಗಳ ಚಿತ್ರ. ಹತ್ತು ಸಾವಿರ ವರ್ಷಗಳ ಹಿಂದೆ ಮುಂಗಾರು ಹೇಗಿತ್ತು, ಉತ್ತರದ ಖಂಡಗಳನ್ನು ಹಿಮದ ಗಡ್ಡೆಗಳು ಮುಚ್ಚಿದ್ದ ಸುಮಾರು 21,000 ವರ್ಷಗಳ ಹಿಂದಿನ ಕಾಲದಲ್ಲಿ ಪಶ್ಚಿಮ ಘಟ್ಟದ ಮೇಲೆ ಮಳೆ ಹೆಚ್ಚಿತ್ತೋ ಕಡಿಮೆಯಿತ್ತೋ ಎಂದು ತಿಳಿಯಬೇಕಾದರೆ ಘಟ್ಟ ಇಳಿದು, ಹೊನ್ನಾವರವನ್ನೂ ದಾಟಿ, ಅರಬ್ಬಿ ಸಮುದ್ರದ ತಳದ ಕೆಸರಿಗೆ ಹೋಗಬೇಕಾಗುತ್ತದೆ. ಮಳೆ ತೊಳೆದು ತಂದ ನಮ್ಮ ಮಣ್ಣು, ನಮ್ಮ ಕಾಡಿನ ಪರಾಗ, ಆ ನೀರಿನಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳ ಚಿಪ್ಪು, ಇವೆಲ್ಲವೂ ಅಲ್ಲಿ ಪದರಪದರವಾಗಿ ಕೂತಿವೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಾಲೇಜುಗಳಲ್ಲಿ ಭೂವಿಜ್ಞಾನ, ರಸಾಯನಶಾಸ್ತ್ರ, ಪರಿಸರ ವಿಜ್ಞಾನ ಓದುವವರನ್ನೂ ಅವರಿಗೆ ಕಲಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಹಡಗು ನಮ್ಮ ಕೈಯಲ್ಲಿಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಕೂಡ ಇಲ್ಲ. ಆದರೆ ಒಂದು ಸಾಧಾರಣ ಸ್ಟೀರಿಯೋ ಸೂಕ್ಷ್ಮದರ್ಶಕ, ಎರಡು ಜರಡಿ, ಒಂದು ಸಣ್ಣ ಕುಂಚ, ಲೆಕ್ಕದ ಹಾಳೆಯ ತಂತ್ರಾಂಶವಿರುವ ಕಂಪ್ಯೂಟರ್ ಇದ್ದರೆ ಈ ವಿದ್ಯೆಯ ಬಹುಪಾಲನ್ನು ಇಲ್ಲಿಯೇ ಕಲಿಯಬಹುದು. ಕಲಿಯುವಾಗ ಮೊದಲಿನಿಂದ ಕೊನೆಯವರೆಗೆ ಬಿಡದೆ ಹಿಡಿದುಕೊಳ್ಳಬೇಕಾದ ಮಾತು ಒಂದೇ: ಕೆಸರಿನಲ್ಲಿ ಸಿಗುವ ಯಾವ ಸುಳಿವಿಗೂ ಒಂದೇ ಕಾರಣವಿರುವುದಿಲ್ಲ. ಸುಳಿವು ಸಿಕ್ಕಿದೊಡನೆ ‘ಇದು ಮಳೆ’ ಎನ್ನುವುದಕ್ಕಿಂತ, ‘ಇದನ್ನು ಮಳೆಯಲ್ಲದೆ ಇನ್ನೇನು ಉಂಟುಮಾಡಿರಬಹುದು’ ಎಂದು ಕೇಳುವುದೇ ಇಲ್ಲಿಯ ನಿಜವಾದ ಕೆಲಸ.

ಮೊದಲು ಪ್ರಶ್ನೆಯನ್ನೂ ಜಾಗವನ್ನೂ ನಿಶ್ಚಯಿಸಿಕೊಳ್ಳಿ

ನಮ್ಮ ಶಿವಮೊಗ್ಗ ಜಿಲ್ಲೆಯ ನೀರು ಎರಡು ಕಡಲಿಗೆ ಹರಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಗೇರುಸೊಪ್ಪೆಯ ಕಣಿವೆ ಹಿಡಿದು, ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಕೃಷ್ಣೆಯ ಮುಖದಲ್ಲಿ ಕೂತ ಕೆಸರಿನಲ್ಲಿ ಮಹಾರಾಷ್ಟ್ರದ ಕಪ್ಪು ಬಸಾಲ್ಟ್ ನೆಲದ ಮಣ್ಣೂ ಬಯಲುಸೀಮೆಯ ಮಣ್ಣೂ ಬೆರೆತಿರುವುದರಿಂದ ಅಲ್ಲಿ ಮಲೆನಾಡಿನ ಧ್ವನಿಯನ್ನು ಬೇರ್ಪಡಿಸುವುದು ಬಹಳ ಕಷ್ಟ. ಘಟ್ಟದ ಮಳೆಯನ್ನೇ ಕೇಳಬೇಕೆಂದಿದ್ದರೆ ಪೂರ್ವ ಅರಬ್ಬಿ ಸಮುದ್ರದ ಕೆಸರನ್ನು, ಅದರಲ್ಲೂ ಕಾರವಾರ ಮತ್ತು ಮಂಗಳೂರಿನ ನಡುವಣ ತೀರದ ಎದುರಿನದನ್ನು ಆರಿಸಿಕೊಳ್ಳುವುದು ಸರಿ.

ಮುಂದಿನ ಪ್ರಶ್ನೆ, ತೀರದಿಂದ ಎಷ್ಟು ದೂರ ಎಂಬುದು. ತೀರಕ್ಕೆ ಹತ್ತಿರದ ಖಂಡಾವರಣ ಪ್ರದೇಶದಲ್ಲಿ, ಅಂದರೆ ಖಂಡದ ಅಂಚಿನ ಆಳವಿಲ್ಲದ ಕಡಲತಳದಲ್ಲಿ, ಕೆಸರು ಬೇಗ ಬೇಗ ಕೂರುತ್ತದೆ. ಕೆಲವು ನೂರು ಅಥವಾ ಕೆಲವು ಸಾವಿರ ವರ್ಷಗಳ ವಿವರವಾದ ದಾಖಲೆಗೆ ಅದು ಒಳ್ಳೆಯದು. ಹಿಮಯುಗದ ಕೊನೆಯವರೆಗೆ ಹಿಂದಕ್ಕೆ ಹೋಗಬೇಕಾದರೆ ಅದು ನಡೆಯದು, ಏಕೆಂದರೆ ಆಗ ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿದ್ದು, ಇಂದಿನ ಖಂಡಾವರಣದ ಬಹುಭಾಗ ಒಣ ನೆಲವಾಗಿತ್ತು. ಆದ್ದರಿಂದ ಅಂಥ ಅಧ್ಯಯನಗಳಿಗೆ ಅದರಾಚೆಯ ಇಳಿಜಾರಿನಲ್ಲಿ, ಸಾಮಾನ್ಯವಾಗಿ ನೂರಾರು ಮೀಟರಿನಿಂದ ಎರಡು ಸಾವಿರ ಮೀಟರ್ ಆಳದ ನೀರಿನಡಿಯಲ್ಲಿ ಕೋರ್ ತೆಗೆಯುತ್ತಾರೆ.

ಕೋರ್ ಎಂದರೆ ಕಡಲತಳಕ್ಕೆ ಇಳಿಬಿಟ್ಟ ಉದ್ದನೆಯ ಕೊಳವೆಯೊಳಗೆ ಪದರ ಕೆಡದಂತೆ ಸಿಕ್ಕಿಕೊಂಡು ಬಂದ ಕೆಸರಿನ ಕಂಬ. ಭಾರತೀಯ ಪ್ರಬಂಧಗಳಲ್ಲಿ ಕೋರಿನ ಹೆಸರು ‘ಎಸ್‌ಕೆ’ ಎಂದು ಮೊದಲಾದರೆ ಅದು ‘ಸಾಗರ ಕನ್ಯಾ’ ಹಡಗಿನಿಂದ ತೆಗೆದದ್ದೆಂದೂ, ಮುಂದಿನ ಸಂಖ್ಯೆ ಯಾನದ್ದೆಂದೂ, ‘ಜಿಸಿ’ ಎಂದರೆ ತನ್ನ ಭಾರದಿಂದಲೇ ಕೆಸರಿನೊಳಗೆ ಇಳಿಯುವ ಗ್ರಾವಿಟಿ ಕೋರ್ ಎಂದೂ ಓದಿಕೊಳ್ಳಬೇಕು. ಗೋವಾದ ದೋನಾ ಪಾವ್ಲಾದಲ್ಲಿರುವ, 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಕೆಲಸವನ್ನು ಓದುವವರಿಗೆ ಇಂಥ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹಲವು ಕೋರ್‌ಗಳ ಅಂಕಿಅಂಶಗಳು ಜರ್ಮನಿಯ ‘ಪ್ಯಾಂಜಿಯಾ’ ಮತ್ತು ಅಮೆರಿಕದ ‘ನೋವಾ’ ಸಂಸ್ಥೆಗಳ ಮುಕ್ತ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತವೆ. ಶಂಕರಘಟ್ಟದ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕುಳಿತ ವಿದ್ಯಾರ್ಥಿಗೂ ದೊಡ್ಡ ಸಂಸ್ಥೆಯ ವಿಜ್ಞಾನಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ, ಮತ್ತು ಇದನ್ನು ನಮ್ಮ ಕಾಲೇಜುಗಳು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಂಕಿಗಳನ್ನು ಇಳಿಸಿಕೊಂಡೊಡನೆ ನಕ್ಷೆ ಎಳೆಯಲು ಹೋಗದೆ, ಕೋರಿನ ವಿವರಣೆಯನ್ನು ಓದಿ. ಕೆಸರು ಕೂತಲ್ಲಿಯೇ ಇರುತ್ತದೆಂಬ ಭರವಸೆಯಿಲ್ಲ. ಮಳೆಗಾಲದ ಘಟ್ಟದಲ್ಲಿ ಗುಡ್ಡ ಕುಸಿಯುವಂತೆ ಕಡಲಡಿಯ ಇಳಿಜಾರೂ ಕುಸಿಯುತ್ತದೆ. ಭಾರತದ ಪಶ್ಚಿಮ ತೀರದಾಚೆಯ ಲಕ್ಷ್ಮಿ ಜಲಾನಯನದಲ್ಲಿ 2015ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಕೊರೆದಾಗ, ಒಂದು ಕೋಟಿ ವರ್ಷಗಳಿಗೂ ಹಿಂದೆ ಜಾರಿ ಬಿದ್ದ ಬೃಹತ್ ರಾಶಿಯೊಂದು ಎದುರಾಯಿತು. ಅದನ್ನು ನಟರಾಜ ಕುಸಿತ ಎಂದು ಕರೆಯುತ್ತಾರೆ. ಅಷ್ಟು ದೊಡ್ಡದಲ್ಲದಿದ್ದರೂ, ಕೋರಿನಲ್ಲಿ ತಟ್ಟನೆ ಶುರುವಾಗುವ ಮರಳಿನ ಪದರ ಅಥವಾ ಆಳದ ಕೆಸರಿನಲ್ಲಿ ಆಳವಿಲ್ಲದ ನೀರಿನ ಚಿಪ್ಪುಗಳು ಕಂಡರೆ ಆ ಭಾಗವನ್ನು ಹವಾಮಾನದ ಲೆಕ್ಕದಿಂದ ಹೊರಗಿಡಬೇಕು.

ವಯಸ್ಸು ತಿಳಿಯದೆ ಮುಂದೆ ಹೋಗಬೇಡಿ

ಆಳವನ್ನು ಕಾಲವನ್ನಾಗಿ ಬದಲಿಸುವುದು ಮುಂದಿನ ಹೆಜ್ಜೆ. ಸುಮಾರು 50,000 ವರ್ಷಗಳವರೆಗೆ, ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಇಂಗಾಲವನ್ನು ಅಳೆಯುವ ಇಂಗಾಲ-14 ವಿಧಾನ ನಡೆಯುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 5,730 ವರ್ಷ. ಆರಿಸಿ ತೆಗೆದ ಕೆಲವು ಮಿಲಿಗ್ರಾಂ ಚಿಪ್ಪು ಸಾಕು. ಆದರೆ ಕಡಲ ನೀರಿನಲ್ಲಿರುವ ಇಂಗಾಲ ಗಾಳಿಯಲ್ಲಿರುವುದಕ್ಕಿಂತ ಹಳೆಯದಾಗಿರುವುದರಿಂದ, ಜೀವಂತ ಚಿಪ್ಪೂ ಕೆಲವು ನೂರು ವರ್ಷ ಹಳೆಯದೆಂಬಂತೆ ಕಾಣುತ್ತದೆ. ಇದಕ್ಕೆ ಜಾಗತಿಕ ತಿದ್ದುಪಡಿಯ ಜೊತೆಗೆ ಸ್ಥಳೀಯ ತಿದ್ದುಪಡಿಯೂ ಬೇಕು. ಹಳೆಯ ಪ್ರಬಂಧದ ವಯಸ್ಸನ್ನು ಹೊಸ ಪ್ರಬಂಧದ ವಯಸ್ಸಿನೊಡನೆ ಹೋಲಿಸುವ ಮೊದಲು ಎರಡರಲ್ಲೂ ಒಂದೇ ತಿದ್ದುಪಡಿ ಬಳಸಿದ್ದಾರೆಯೇ ಎಂದು ನೋಡಿ. ಇಲ್ಲವಾದರೆ ಮೂಲ ಇಂಗಾಲ ವಯಸ್ಸನ್ನು ತೆಗೆದುಕೊಂಡು ನೀವೇ ಮತ್ತೊಮ್ಮೆ ಲೆಕ್ಕ ಮಾಡಿ. ಈ ಲೆಕ್ಕದಲ್ಲಿ ‘ಇಂದು’ ಎಂದರೆ 1950 ಎಂಬುದನ್ನೂ ಮರೆಯಬಾರದು.

ಒಂದು ಅಭ್ಯಾಸದ ಲೆಕ್ಕ: 20 ಸೆಂಟಿಮೀಟರ್ ಆಳದಲ್ಲಿ 2,000 ವರ್ಷ, 100 ಸೆಂಟಿಮೀಟರ್ ಆಳದಲ್ಲಿ 9,000 ವರ್ಷ ಎಂದಿರಲಿ. ನಡುವಿನ 80 ಸೆಂಟಿಮೀಟರ್ ಕೂರಲು 7,000 ವರ್ಷ ಹಿಡಿದಿದೆ, ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 88 ವರ್ಷ. ಇದರ ಮೇಲೆ, ಹುಳುಗಳು ತಳದ ಮೇಲ್ಪದರದ ಹಲವು ಸೆಂಟಿಮೀಟರ್ ಕೆಸರನ್ನು ಸದಾ ಕಲಕುತ್ತಿರುತ್ತವೆ. ಇಂಥ ಕೋರಿನಿಂದ ಹತ್ತು ವರ್ಷದ ಬರಗಾಲವೊಂದನ್ನು ಹುಡುಕಿದೆವೆಂದು ಯಾರಾದರೂ ಹೇಳಿದರೆ ಒಪ್ಪಬಾರದು. ಶತಮಾನಗಳ ಏರಿಳಿತವನ್ನು ಮಾತ್ರ ಇದು ಹೇಳಬಲ್ಲದು. ಅರಬ್ಬಿ ಸಮುದ್ರದ ಸುಮಾರು 150ರಿಂದ 1,200 ಮೀಟರ್ ಆಳದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾದ್ದರಿಂದ, ಆ ಆಳದ ತಳದಲ್ಲಿ ಕಲಕುವ ಜೀವಿಗಳು ಕಡಿಮೆಯಿದ್ದು ಪದರಗಳು ಚೆನ್ನಾಗಿ ಉಳಿಯುತ್ತವೆ. ಇದು ನಮಗೊಂದು ಅನುಕೂಲ.

ಕಳೆದ ನೂರು ವರ್ಷಗಳ ಪದರಕ್ಕೆ, ಇನ್ನೂ ಬೇಗ ಕ್ಷಯಿಸುವ ವಿಕಿರಣಶೀಲ ಸೀಸವನ್ನು ಅಳೆಯುವ ಸೀಸ-210 ವಿಧಾನವಿದೆ. ಹೊನ್ನಾವರದ ಎದುರಿನ ಕೆಸರನ್ನು ಓದುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿಯ ಮೇಲ್ಭಾಗದ ಹೂಳು ಜಲಾಶಯದಲ್ಲೇ ನಿಲ್ಲತೊಡಗಿತು. ಆ ನಂತರದ ಪದರದಲ್ಲಿ ನೆಲದ ಮಣ್ಣಿನ ಅಂಶ ಇಳಿದಿದ್ದರೆ ಅದಕ್ಕೆ ಮಳೆಯನ್ನು ಕಾರಣ ಮಾಡಲಾಗದು.

ತೊಳೆಯುವುದು ಮತ್ತು ಆರಿಸುವುದು

ಅಭ್ಯಾಸಕ್ಕೆ ಆಳಕಡಲಿನ ಕೆಸರೇ ಬೇಕೆಂದಿಲ್ಲ. ಶರಾವತಿ ಕಡಲು ಸೇರುವ ಅಳಿವೆಯ ಬದಿಯ ಅಥವಾ ಹತ್ತಿರದ ಕಡಲತೀರದ ಒಂದು ಹಿಡಿ ಮರಳುಗೆಸರಿನಲ್ಲಿಯೂ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಸಿಗುತ್ತವೆ. ಅಳಿವೆಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಅಮೋನಿಯಾ’ ಕುಲದ ಸುರುಳಿ ಚಿಪ್ಪಿನಿಂದ ಕಣ್ಣು ಪಳಗಿಸಿಕೊಳ್ಳಬಹುದು. ಕಾಂಡ್ಲಾ ಗಿಡಗಳಿರುವ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೈ ಹಾಕಬೇಡಿ.

ಫೊರಾಮಿನಿಫೆರಾ ಎಂದರೆ ಒಂದೇ ಕೋಶದ ಜೀವಿಗಳು. ಅವುಗಳಲ್ಲಿ ಬಹುಪಾಲು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಕೆಲವು ನೀರಿನ ಮೇಲ್ಭಾಗದಲ್ಲಿ ತೇಲುತ್ತವೆ, ಹೆಚ್ಚಿನವು ತಳದಲ್ಲಿ ವಾಸಿಸುತ್ತವೆ. ತೇಲುವವು ಮೇಲಿನ ನೀರಿನ ಸಂಗತಿಯನ್ನೂ ತಳದವು ಆಳದ ನೀರಿನ ಸಂಗತಿಯನ್ನೂ ಚಿಪ್ಪಿನಲ್ಲಿ ಉಳಿಸುತ್ತವೆ.

ಮಾದರಿಯನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಗಿಸಿ ತೂಗಿ, ನೀರಿನಲ್ಲಿ ನೆನೆಸಿ, ಜಿಗುಟು ಬಿಡದಿದ್ದರೆ ಸ್ವಲ್ಪ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿ, 63 ಮೈಕ್ರಾನ್ ಜರಡಿಯಲ್ಲಿ ಮೆಲ್ಲಗೆ ನೀರು ಹರಿಸಿ ತೊಳೆಯಬೇಕು. ಬೆರಳಿನಿಂದ ಉಜ್ಜಿದರೆ ತೆಳು ಚಿಪ್ಪುಗಳು ಒಡೆಯುತ್ತವೆ, ಮತ್ತು ಒಡೆದ ಚೂರುಗಳ ಪ್ರಮಾಣವೇ ಒಂದು ಸುಳಿವಾದ್ದರಿಂದ ಅದೂ ಕೆಡುತ್ತದೆ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಪಠ್ಯಪುಸ್ತಕಗಳು ಹೇಳದ ಎರಡು ಮಾತುಗಳಿವೆ. ಜಂಬಿಟ್ಟಿಗೆ ನೆಲದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾಗಿದ್ದು ಸ್ವಲ್ಪ ಆಮ್ಲೀಯವಾಗಿರುತ್ತದೆ. ಬಹಳ ಹೊತ್ತು ನೆನೆಸಿಟ್ಟರೆ ಅದು ಸುಣ್ಣದ ಚಿಪ್ಪನ್ನು ಸವೆಸಬಹುದು. ಆದ್ದರಿಂದ ನೀರಿನ ಪಿಎಚ್ ನೋಡಿ, 7ಕ್ಕಿಂತ ಕಡಿಮೆಯಿದ್ದರೆ ಚಿಟಿಕೆ ಅಡುಗೆ ಸೋಡಾ ಬೆರೆಸಿ 8ರ ಸುಮಾರಿಗೆ ತನ್ನಿ. ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಂದು ಹಚ್ಚಿದ ಸ್ಲೈಡುಗಳ ಮೇಲೆ ಬೂಷ್ಟು ಬರುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡದಿದ್ದರೆ ಬೇಸಿಗೆಯೆಲ್ಲಾ ಆರಿಸಿದ್ದು ಮಳೆಗಾಲದಲ್ಲಿ ಹಾಳಾಗುತ್ತದೆ. ರಾಸಾಯನಿಕ ಪರೀಕ್ಷೆಗೆ ಹೋಗುವ ಚಿಪ್ಪುಗಳಿಗಂತೂ ಸೋಡಾ, ಫಾಸ್ಫೇಟ್, ಗೋಂದು ಯಾವುದನ್ನೂ ಸೋಕಿಸದೆ ಶುದ್ಧೀಕರಿಸಿದ ನೀರಿನಲ್ಲೇ ಬೇಗ ತೊಳೆದು ಒಣಗಿಸುವುದು ಕ್ಷೇಮ.

ಒಣಗಿದ ಮೇಲೆ 150 ಮೈಕ್ರಾನಿಗಿಂತ ದೊಡ್ಡದನ್ನು ಬೇರ್ಪಡಿಸಿ, ಸುಮಾರು 300 ಚಿಪ್ಪುಗಳು ಬರುವಷ್ಟಕ್ಕೆ ಸಮಪಾಲು ಮಾಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿಡಿ. ಚಾಲಿ ಅಡಿಕೆಯನ್ನು ಗಾತ್ರ, ಬಣ್ಣ ನೋಡಿ ರಾಶಿ ಮಾಡುವ ಕಣ್ಣು ಹೇಗೆ ವರ್ಷಗಳಲ್ಲಿ ಪಳಗುತ್ತದೆಯೋ ಇದೂ ಹಾಗೆಯೇ ಪಳಗಬೇಕು. ‘ಗ್ಲೋಬಿಜೆರಿನಾಯ್ಡಿಸ್ ರೂಬರ್’ ಪ್ರಭೇದಕ್ಕೆ ಕೊನೆಯ ಸುತ್ತಿನಲ್ಲಿ ಮೂರು ಉಬ್ಬು ಕೋಣೆಗಳಿದ್ದು, ಬೆನ್ನಿನ ಕಡೆ ಹೆಚ್ಚುವರಿ ರಂಧ್ರಗಳಿರುತ್ತವೆ. ‘ಗ್ಲೋಬಿಜೆರಿನಾ ಬುಲ್ಲಾಯ್ಡಿಸ್’ಗೆ ನಾಲ್ಕು ಕೋಣೆ, ಒಂದೇ ಅಗಲವಾದ ಬಾಯಿ. ರೂಬರ್‌ನ ಗುಲಾಬಿ ಬಣ್ಣದ ರೂಪ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ಗಳಿಂದ ಸುಮಾರು 1,20,000 ವರ್ಷಗಳ ಹಿಂದೆಯೇ ಕಣ್ಮರೆಯಾಯಿತು, ಅಟ್ಲಾಂಟಿಕ್‌ನಲ್ಲಿ ಇಂದಿಗೂ ಇದೆ. ಅರಬ್ಬಿ ಸಮುದ್ರದ ಕೋರಿನಲ್ಲಿ ಗುಲಾಬಿ ಚಿಪ್ಪು ಕಾಣಿಸಿಕೊಳ್ಳತೊಡಗಿದರೆ ನೀವು ಆ ಗಡಿಯನ್ನು ದಾಟಿ ಹಿಂದಕ್ಕೆ ಹೋಗಿದ್ದೀರಿ. ಯಾವ ಯಂತ್ರವೂ ಇಲ್ಲದೆ, ಬರಿಯ ಬಣ್ಣದಿಂದ ಸಿಗುವ ಈ ಕಾಲಸೂಚನೆ ನನಗೆ ಬಹಳ ಪ್ರಿಯವಾದದ್ದು.

ಎಣಿಕೆಯಲ್ಲಿ ಆತುರ ಬೇಡ. 300ರಲ್ಲಿ 60 ಬುಲ್ಲಾಯ್ಡಿಸ್ ಸಿಕ್ಕರೆ ಅದು ಶೇಕಡ 20. ಆದರೆ ಎಣಿಕೆಯ ಅನಿಶ್ಚಿತತೆಯೇ ಶೇಕಡ 4.5ರಷ್ಟು ಮೇಲೆ ಕೆಳಗೆ ಇರುತ್ತದೆ. ಪಕ್ಕದ ಪದರದಲ್ಲಿ ಶೇಕಡ 23 ಬಂದರೆ ಏನೋ ಬದಲಾಗಿದೆ ಎಂದು ಹೇಳುವ ಹಕ್ಕು ನಮಗಿಲ್ಲ. ಬುಲ್ಲಾಯ್ಡಿಸ್ ತಂಪಾದ, ಪೋಷಕಾಂಶ ತುಂಬಿದ ನೀರನ್ನು ಇಷ್ಟಪಡುತ್ತದೆ. ಒಮಾನ್ ತೀರದಲ್ಲಿ ಮುಂಗಾರು ಗಾಳಿ ಬಿರುಸಾದಷ್ಟೂ ಆಳದ ನೀರು ಮೇಲೇಳುವುದರಿಂದ ಅಲ್ಲಿ ಅದರ ಹೆಚ್ಚಳವನ್ನು ಮುಂಗಾರಿನ ಬಲವೆಂದು ಓದುತ್ತಾರೆ. ಈ ಸೂತ್ರವನ್ನು ಕರ್ನಾಟಕ ತೀರಕ್ಕೆ ಹಾಗೆಯೇ ಎತ್ತಿ ತರಬಾರದು. ಒಂದನೆಯದಾಗಿ, ಅದು ಹೇಳುವುದು ಗಾಳಿಯ ಸಂಗತಿ, ಮಳೆಯದ್ದಲ್ಲ. ಎರಡನೆಯದಾಗಿ, ನಮ್ಮ ಕಡೆ ನೀರಿನ ಫಲವತ್ತತೆಗೆ ಚಳಿಗಾಲದ ಒಣಗಾಳಿ, ಮೇಲ್ಪದರದ ಸಿಹಿನೀರಿನ ಮುಚ್ಚಳ ಮುಂತಾದ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ.

ಚಿಪ್ಪಿನ ರಸಾಯನದಿಂದ ಮಳೆಯವರೆಗೆ

ಇದು ಇಡೀ ಕೆಲಸದ ಹೃದಯ. ಇಲ್ಲಿ ಸಮಯ ಕೊಟ್ಟು ಓದಿ. ಚಿಪ್ಪಿನ ಆಮ್ಲಜನಕದಲ್ಲಿ ಹಗುರವಾದ 16 ಮತ್ತು ಭಾರವಾದ 18 ಎಂಬ ಸಮಸ್ಥಾನಿಗಳಿವೆ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿವೆ. ಅವುಗಳ ಅನುಪಾತ ತಾಪಮಾನವನ್ನು ಹೇಳಬಲ್ಲದೆಂದು ಹೆರಾಲ್ಡ್ ಯೂರಿ 1947ರಲ್ಲಿ ತೋರಿಸಿದರು. 1955ರಲ್ಲಿ ಚೆಸಾರೆ ಎಮಿಲಿಯಾನಿ ಕಡಲ ಕೋರುಗಳ ಫೊರಾಮಿನಿಫೆರಾಗಳಲ್ಲಿ ಹಿಮಯುಗಗಳ ಏರಿಳಿತವನ್ನು ಅಳೆದರು. ಎಮಿಲಿಯಾನಿ ಆ ಏರಿಳಿತದ ಬಹುಪಾಲನ್ನು ತಾಪಮಾನವೆಂದು ಓದಿದ್ದರು. ನಿಕೊಲಸ್ ಶ್ಯಾಕಲ್ಟನ್ 1967ರಲ್ಲಿ, ಅದರ ದೊಡ್ಡ ಪಾಲು ಭೂಮಿಯ ಮೇಲೆ ಕಟ್ಟಿಕೊಂಡ ಹಿಮದ ಪ್ರಮಾಣದ್ದೆಂದು ತೋರಿಸಿದರು: ಹಗುರ ಆಮ್ಲಜನಕವುಳ್ಳ ನೀರು ಹೆಚ್ಚಾಗಿ ಆವಿಯಾಗಿ ಹಿಮವಾಗಿ ನೆಲದ ಮೇಲೆ ಉಳಿದಾಗ ಕಡಲ ನೀರು ಭಾರವಾಗುತ್ತದೆ. ಒಂದೇ ಸುಳಿವು, ಎರಡು ಕಾರಣ. ನಮ್ಮ ಕಡಲಿನಲ್ಲಿ ಮೂರನೆಯದೂ ಇದೆ: ಮಳೆ ಮತ್ತು ಹೊಳೆಯ ನೀರು ಹಗುರವಾದ್ದರಿಂದ, ಮಳೆ ಹೆಚ್ಚಿದರೆ ತೀರದ ಮೇಲ್ನೀರು ಹಗುರವಾಗುತ್ತದೆ, ಆವಿಯಾಗುವಿಕೆ ಹೆಚ್ಚಿದರೆ ಭಾರವಾಗುತ್ತದೆ. ನಮಗೆ ಬೇಕಾದದ್ದು ಈ ಮೂರನೆಯದು ಮಾತ್ರ.

ಹೀಗೆ ಬೇರ್ಪಡಿಸಿ. ರೂಬರ್ ಚಿಪ್ಪುಗಳನ್ನು 250ರಿಂದ 355 ಮೈಕ್ರಾನ್ ಎಂಬಂಥ ಸಣ್ಣ ಗಾತ್ರಮಿತಿಯೊಳಗೆ ಆರಿಸಿ, ಒಂದೇ ಪದರದ ಚಿಪ್ಪುಗಳಿಂದ ಆಮ್ಲಜನಕ ಸಮಸ್ಥಾನಿಯನ್ನೂ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತವನ್ನೂ ಅಳೆಸಬೇಕು. ನೀರು ಬೆಚ್ಚಗಾದಷ್ಟೂ ಚಿಪ್ಪಿನೊಳಗೆ ಮೆಗ್ನೀಸಿಯಂ ಹೆಚ್ಚು ಸೇರುತ್ತದೆ. ಒಂದು ಡಿಗ್ರಿಗೆ ಸುಮಾರು ಶೇಕಡ 9ರಷ್ಟು. ಸಾರ್ಗಾಸೊ ಸಮುದ್ರದ ಮಾದರಿಗಳಿಂದ 2003ರಲ್ಲಿ ರೂಪುಗೊಂಡ, ಬಹಳವಾಗಿ ಬಳಕೆಯಲ್ಲಿರುವ ಸೂತ್ರದಂತೆ, ಮಿಲಿಮೋಲ್ ಪ್ರತಿ ಮೋಲ್ ಲೆಕ್ಕದ ಈ ಅನುಪಾತವನ್ನು 0.38ರಿಂದ ಭಾಗಿಸಿ, ಬಂದದ್ದರ ಸ್ವಾಭಾವಿಕ ಲಾಗರಿದಮ್ ತೆಗೆದು, ಅದನ್ನು 0.09ರಿಂದ ಭಾಗಿಸಿದರೆ ತಾಪಮಾನ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಗುತ್ತದೆ.

ಅಭ್ಯಾಸಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಿಂದ ಒಮ್ಮೆ ಮಾಡಿ ನೋಡೋಣ. ಕೋರಿನ ಮೇಲ್ತುದಿಯಲ್ಲಿ, ಅಂದರೆ ಇಂದಿನ ಕಾಲದ ಪದರದಲ್ಲಿ, ಅನುಪಾತ 4.2, ಹಿಮಯುಗದ ಪದರದಲ್ಲಿ 3.4 ಎಂದಿರಲಿ. ಮೊದಲನೆಯದಕ್ಕೆ 26.7 ಡಿಗ್ರಿ, ಎರಡನೆಯದಕ್ಕೆ 24.3 ಡಿಗ್ರಿ ಬರುತ್ತದೆ. ಅಂದರೆ ಹಿಮಯುಗದಲ್ಲಿ ಮೇಲ್ನೀರು ಸುಮಾರು 2.4 ಡಿಗ್ರಿ ತಂಪಾಗಿತ್ತು. ಅದೇ ಚಿಪ್ಪುಗಳ ಆಮ್ಲಜನಕ ಮೌಲ್ಯ (ಒಂದು ಪ್ರಮಾಣ ಮಾದರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಕಡಿಮೆ ಎಂಬ ಪರ್ ಮಿಲ್ ಲೆಕ್ಕ) ಮೇಲ್ತುದಿಯಲ್ಲಿ ಮೈನಸ್ 2.3 ಪರ್ ಮಿಲ್, ಹಿಮಯುಗದಲ್ಲಿ ಮೈನಸ್ 0.3 ಪರ್ ಮಿಲ್ ಎಂದಿರಲಿ. ಒಟ್ಟು ವ್ಯತ್ಯಾಸ 2.0. ನೀರು ಒಂದು ಡಿಗ್ರಿ ತಂಪಾದರೆ ಚಿಪ್ಪು ಸುಮಾರು 0.21 ಪರ್ ಮಿಲ್ ಭಾರವಾಗುತ್ತದೆ, ಆದ್ದರಿಂದ 2.4 ಡಿಗ್ರಿಯ ಪಾಲು 0.5. ಜಗತ್ತಿನ ಹಿಮದ ಪಾಲು ಸುಮಾರು 1.0. ಇವೆರಡನ್ನು ಕಳೆದರೆ 0.5 ಉಳಿಯುತ್ತದೆ. ಈ ಉಳಿಕೆಯೇ, ಆಗ ಆ ಜಾಗದ ಮೇಲ್ನೀರು ಇಂದಿಗಿಂತ ಉಪ್ಪಾಗಿತ್ತು ಎಂಬುದಕ್ಕೆ, ಅಂದರೆ ಸಿಹಿನೀರಿನ ಪಾಲು ಕಡಿಮೆಯಿತ್ತು ಎಂಬುದಕ್ಕೆ ಸಾಕ್ಷಿ.

ಈಗ ಈ ಉಳಿಕೆಯನ್ನೇ ಪ್ರಶ್ನಿಸಬೇಕು. ಮೆಗ್ನೀಸಿಯಂ ತಾಪಮಾನದಲ್ಲಿ ಒಂದು ಡಿಗ್ರಿ ತಪ್ಪಿದರೆ ಉಳಿಕೆ 0.2ರಷ್ಟು ಬದಲಾಗುತ್ತದೆ, ಮತ್ತು ಒಂದು ಡಿಗ್ರಿಯ ಅನಿಶ್ಚಿತತೆ ಈ ವಿಧಾನದಲ್ಲಿ ಸಾಮಾನ್ಯ. ಆದ್ದರಿಂದ ‘ಉಪ್ಪು ಹೆಚ್ಚಿತ್ತು’ ಎಂಬ ದಿಕ್ಕನ್ನು ನಂಬಬಹುದಾದರೂ ‘ಇಷ್ಟೇ ಹೆಚ್ಚಿತ್ತು’ ಎನ್ನಲಾಗದು. ಜೇಡಿಯಲ್ಲಿ ಮೆಗ್ನೀಸಿಯಂ ಇರುವುದರಿಂದ, ಚಿಪ್ಪಿನ ಸಂದಿಯಲ್ಲಿ ಉಳಿದ ಸ್ವಲ್ಪ ಜೇಡಿಯೂ ನೀರು ಬೆಚ್ಚಗಿತ್ತೆಂಬ ಸುಳ್ಳು ಹೇಳುತ್ತದೆ. ಪ್ರಯೋಗಾಲಯದವರು ಅಲ್ಯೂಮಿನಿಯಂ ಮತ್ತು ಕಬ್ಬಿಣದ ಅಂಕಿಗಳನ್ನೂ ಕೊಟ್ಟಿದ್ದಾರೆಯೇ ನೋಡಿ, ಅವು ಮೆಗ್ನೀಸಿಯಂ ಜೊತೆಗೇ ಏರುತ್ತಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ. ಕೊನೆಯದಾಗಿ, ನಮ್ಮ ತೀರದ ಸಿಹಿನೀರೆಲ್ಲಾ ಘಟ್ಟದಿಂದ ಬಂದದ್ದಲ್ಲ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಲಂಕೆಯನ್ನು ಸುತ್ತಿಕೊಂಡು ಪಶ್ಚಿಮ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಕೇರಳದಿಂದ ಗೋವೆಯವರೆಗಿನ ಕೋರ್‌ಗಳು ಒಟ್ಟಿಗೆ ಏನು ಹೇಳುತ್ತವೆ ಎಂದು ನೋಡದೆ, ಒಂದೇ ಕೋರಿನ ಉಪ್ಪಿನ ಲೆಕ್ಕವನ್ನು ಆಗುಂಬೆಯ ಮಳೆಯ ಲೆಕ್ಕವನ್ನಾಗಿ ಬದಲಿಸಬಾರದು.

ತಾಪಮಾನಕ್ಕೆ ಇನ್ನೊಂದು ಸಾಕ್ಷಿಯಾಗಿ, ‘ಎಮಿಲಿಯಾನಿಯಾ ಹಕ್ಸ್‌ಲೆಯಿ’ ಮುಂತಾದ ಸೂಕ್ಷ್ಮ ಪಾಚಿಗಳು ಬಿಟ್ಟುಹೋಗುವ ಆಲ್ಕೆನೋನ್ ಎಂಬ ಕೊಬ್ಬಿನಂಥ ಸಂಯುಕ್ತಗಳಿವೆ. ಅವು ಸುಣ್ಣದ ಚಿಪ್ಪನ್ನು ಅವಲಂಬಿಸಿಲ್ಲದ ಕಾರಣ, ಎರಡು ವಿಧಾನಗಳೂ ಒಂದೇ ದಿಕ್ಕನ್ನು ತೋರಿದರೆ ನಂಬಿಕೆ ಗಟ್ಟಿಯಾಗುತ್ತದೆ. ಆದರೆ ನೀರು 28 ಡಿಗ್ರಿ ದಾಟಿದ ಮೇಲೆ, ಆಲ್ಕೆನೋನ್‌ಗಳಿಂದ ತಾಪಮಾನ ತಿಳಿಯುವ ಸೂಚ್ಯಂಕ ತನ್ನ ಗರಿಷ್ಠ ಮಿತಿಯನ್ನು ಸಮೀಪಿಸುವುದರಿಂದ ನಮ್ಮಂಥ ಬೆಚ್ಚನೆಯ ಕಡಲಿನಲ್ಲಿ ಅದರ ಪ್ರಯೋಜನಕ್ಕೆ ಮಿತಿಯಿದೆ.

ನೆಲದಿಂದ ಬಂದ ಸುಳಿವುಗಳು

ಟೈಟಾನಿಯಂ, ಅಲ್ಯೂಮಿನಿಯಂ, ಕಬ್ಬಿಣ ನೆಲದ ಮಣ್ಣಿನಿಂದ ಬರುತ್ತವೆ. ಕ್ಯಾಲ್ಸಿಯಂ ಬಹುಪಾಲು ಕಡಲ ಚಿಪ್ಪಿನಿಂದ. ಎಕ್ಸ್‌ರೇ ಹಾಯಿಸಿ ಧಾತುಗಳನ್ನು ಅಳೆಯುವ ಎಕ್ಸ್‌ರೇ ಫ್ಲೋರೆಸೆನ್ಸ್ ಯಂತ್ರದಲ್ಲಿ ಕೋರನ್ನು ಉದ್ದಕ್ಕೂ ಓಡಿಸಿ ಟೈಟಾನಿಯಂ–ಕ್ಯಾಲ್ಸಿಯಂ ಅನುಪಾತವನ್ನು ಪಡೆಯುವುದು ಇಂದು ಸುಲಭ. ಅದು ಏರಿದರೆ ಮಳೆ ಏರಿತೆಂದು ಬರೆಯುವುದು ಅದಕ್ಕಿಂತ ಸುಲಭ, ಮತ್ತು ಅಪಾಯ ಇರುವುದು ಅಲ್ಲೇ. ಚಿಪ್ಪು ಕರಗಿದರೂ, ಪಾಚಿಗಳ ಬೆಳೆ ತಗ್ಗಿದರೂ ಅನುಪಾತ ಏರುತ್ತದೆ. ಅರೇಬಿಯಾದ ಮರುಭೂಮಿಯ ಧೂಳೂ ಟೈಟಾನಿಯಂ ತರುತ್ತದೆ, ಅದು ಹೆಚ್ಚುವುದು ಒಣಗಾಲದಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಡಲ ಮಟ್ಟ. ಹಿಮಯುಗದಲ್ಲಿ ಶರಾವತಿಯು ಇಂದಿನ ಹೊನ್ನಾವರವನ್ನು ದಾಟಿ, ಒಣಗಿದ ಖಂಡಾವರಣದ ಮೇಲೆ ಇನ್ನೂ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿತ್ತು. ಇಳಿಜಾರಿನ ಮೇಲಿನ ಕೋರಿನ ಜಾಗಕ್ಕೆ ಆಗ ಹೊಳೆಯ ಬಾಯಿ ಬಲು ಹತ್ತಿರ. ಮಳೆ ಅರ್ಧಕ್ಕೆ ಇಳಿದಿದ್ದರೂ ಅಲ್ಲಿಗೆ ತಲುಪುವ ಮಣ್ಣು ಹೆಚ್ಚಾಗಿರಬಹುದು. ಅದಕ್ಕಾಗಿ 7,000 ವರ್ಷಗಳಿಗಿಂತ ಹಳೆಯ ಪದರಗಳಲ್ಲಿ, ಕಡಲ ಮಟ್ಟದ ರೇಖೆಯನ್ನು ಪಕ್ಕದಲ್ಲಿ ಎಳೆಯದೆ ಟೈಟಾನಿಯಂ ರೇಖೆಯನ್ನು ಅರ್ಥೈಸಲು ಹೋಗಬೇಡಿ.

ಮಣ್ಣಿನ ಪ್ರಮಾಣಕ್ಕಿಂತ ಮಣ್ಣಿನ ಗುಣವನ್ನು ಕೇಳುವುದು ಹೆಚ್ಚು ಸುರಕ್ಷಿತ. 1982ರಲ್ಲಿ ನೆಸ್ಬಿಟ್ ಮತ್ತು ಯಂಗ್ ಪ್ರಕಟಿಸಿದ ರಾಸಾಯನಿಕ ಶಿಥಿಲತೆಯ ಸೂಚ್ಯಂಕದಲ್ಲಿ, ಅಲ್ಯೂಮಿನಾದ ಮೋಲ್ ಪ್ರಮಾಣವನ್ನು ಅಲ್ಯೂಮಿನಾ, ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್), ಸೋಡಾ (ಸೋಡಿಯಂ ಆಕ್ಸೈಡ್), ಪೊಟ್ಯಾಶ್ (ಪೊಟ್ಯಾಸಿಯಂ ಆಕ್ಸೈಡ್) ಇವುಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಹೊಸ ಗ್ರಾನೈಟಿಗೆ ಅದು 50ರ ಸುಮಾರು, ಪೂರ್ತಿ ಕೊಳೆತು ಕೇಯೊಲಿನೈಟ್ ಆದ ಜೇಡಿಗೆ 100ರ ಹತ್ತಿರ. ಬಿಸಿಲು–ಮಳೆಗೆ ಲಕ್ಷಾಂತರ ವರ್ಷಗಳಿಂದ ಒಡ್ಡಿಕೊಂಡ ನಮ್ಮ ಜಂಬಿಟ್ಟಿಗೆ ನೆಲದ ಮಣ್ಣು ಮೇಲಿನ ತುದಿಗೆ ಸೇರುತ್ತದೆ. ಕಡಲ ಕೆಸರಿನಲ್ಲಿ ಈ ಲೆಕ್ಕ ಮಾಡುವಾಗ ಚಿಪ್ಪಿನ ಸುಣ್ಣವನ್ನು ಮೊದಲೇ ಆಮ್ಲದಿಂದ ಕರಗಿಸಿ ತೆಗೆಯದಿದ್ದರೆ ಉತ್ತರಕ್ಕೆ ಅರ್ಥವಿರುವುದಿಲ್ಲ. ಗುಡ್ಡದ ಮೇಲೆ ಸಾವಿರಾರು ವರ್ಷ ನಿಂತ ಮಣ್ಣು ತಡವಾಗಿ ಕಡಲು ಸೇರುವುದರಿಂದ ಈ ಸೂಚ್ಯಂಕ ಹವಾಮಾನದ ಹಿಂದೆ ಹಿಂದೆಯೇ ನಡೆಯುತ್ತದೆ ಎಂಬುದೂ ನೆನಪಿರಲಿ. ಮಣ್ಣು ಘಟ್ಟದ ಹಳೆಯ ನೈಸ್ ಶಿಲೆಯದೋ, ಉತ್ತರದ ಬಸಾಲ್ಟಿನದೋ, ಸಿಂಧೂ ನದಿ ತಂದದ್ದೋ ಎಂಬ ಪ್ರಶ್ನೆಗೆ ನಿಯೋಡಿಮಿಯಂ ಮತ್ತು ಸ್ಟ್ರಾನ್ಷಿಯಂ ಸಮಸ್ಥಾನಿಗಳು ಉತ್ತರ ಕೊಡುತ್ತವೆ. ಈ ಮೂರು ಮೂಲಗಳ ಸಮಸ್ಥಾನಿ ಗುರುತು ಒಂದಕ್ಕೊಂದು ಸ್ಪಷ್ಟವಾಗಿ ಬೇರೆ.

ಪರಾಗ ಮಾತ್ರ ನೇರವಾಗಿ ಕಾಡಿನ ಮಾತಾಡುತ್ತದೆ. ನೈಋತ್ಯ ಭಾರತದಾಚೆಯ ಎರಡು ಕೋರ್‌ಗಳಲ್ಲಿ ಪರಾಗವನ್ನೂ ಆಮ್ಲಜನಕ ಸಮಸ್ಥಾನಿಯನ್ನೂ ಜೊತೆಯಾಗಿ ಓದಿ, ಎಲಿಸ್ ವಾನ್ ಕ್ಯಾಂಪೊ 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಓದಬೇಕಾದದ್ದು. ಹಿಮಯುಗದ ಉಚ್ಛ್ರಾಯದಲ್ಲಿ ಒಣಹವೆಯೂ ಅನಂತರ ತೇವದ ಕಾಲವೂ ಅಲ್ಲಿ ಕಾಣುತ್ತವೆ. ನಿತ್ಯಹರಿದ್ವರ್ಣ ಕಾಡಿನ ಪರಾಗ, ಹುಲ್ಲಿನ ಪರಾಗ, ಕಾಂಡ್ಲಾ ಪರಾಗ ಎಂದು ಗುಂಪು ಮಾಡಿಕೊಂಡು ನೋಡಿ. ಹುಲ್ಲಿನ ಪರಾಗದಲ್ಲಿ ಪ್ರಭೇದ ಗುರುತಿಸುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆಗದು. ಕಾಂಡ್ಲಾ ಪರಾಗದ ಏರಿಕೆಯನ್ನು ಮಳೆಯ ಏರಿಕೆ ಎನ್ನುವ ಮೊದಲು, ಏರುತ್ತಿದ್ದ ಕಡಲು ಆಗ ಹೊಸ ಅಳಿವೆಗಳನ್ನು ಮಾಡುತ್ತಿತ್ತು ಎಂಬ ಕಾರಣವನ್ನೂ ತೂಗಿ ನೋಡಬೇಕು.

ಸಾವಯವ ಇಂಗಾಲದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಇಂಗಾಲ–ಸಾರಜನಕ ಅನುಪಾತ 10ಕ್ಕಿಂತ ಕೆಳಗಿದ್ದರೆ ಅದು ಹೆಚ್ಚಾಗಿ ಕಡಲ ಪಾಚಿಯದ್ದು, 20 ದಾಟಿದರೆ ನೆಲದ ಗಿಡಮರಗಳದ್ದು. ಸಾರಜನಕ-15ರ ಏರಿಕೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ನೈಟ್ರೇಟ್ ನಷ್ಟವಾಗುತ್ತಿತ್ತೆಂದು ಹೇಳುತ್ತದೆ. ಅರಬ್ಬಿ ಸಮುದ್ರದಲ್ಲಿ ಅದು ಬೆಚ್ಚನೆಯ ಕಾಲಗಳಲ್ಲಿ ಏರಿ ಹಿಮಕಾಲಗಳಲ್ಲಿ ಇಳಿದಿದೆ. ಇವು ಕಡಲಿನ ಕಥೆಗೆ ಬಹಳ ಮುಖ್ಯವಾದರೂ ಘಟ್ಟದ ಮಳೆಗೆ ದೂರದ ಸಾಕ್ಷಿಗಳು.

ಒಂದೇ ಹಾಳೆಯ ಮೇಲೆ ಇಟ್ಟು ಬರೆಯುವುದು

ಎಲ್ಲ ರೇಖೆಗಳನ್ನೂ ಒಂದೇ ಕಾಲದ ಅಕ್ಷದ ಮೇಲೆ, ಒಂದರ ಕೆಳಗೊಂದು ಎಳೆಯಿರಿ. ಮೇಲೆ ಕಡಲ ಮಟ್ಟ, ಅದರ ಕೆಳಗೆ ತಾಪಮಾನ, ಹಿಮ ಮತ್ತು ತಾಪಮಾನದ ಪಾಲು ಕಳೆದ ಆಮ್ಲಜನಕದ ಉಳಿಕೆ, ಟೈಟಾನಿಯಂ, ಶಿಥಿಲತೆಯ ಸೂಚ್ಯಂಕ, ಪರಾಗ. ಇಂಗಾಲ-14 ವಯಸ್ಸು ಸಿಕ್ಕ ಆಳಗಳನ್ನು ಬುಡದಲ್ಲಿ ಗುರುತಿಸಿ, ಅನಿಶ್ಚಿತತೆಯ ಗೀಟನ್ನೂ ಹಾಕಿ. ಎರಡು ವಯಸ್ಸುಗಳ ನಡುವೆ ಮೂರು ಸಾವಿರ ವರ್ಷದ ಅಂತರವಿದ್ದರೆ ಆ ನಡುವಿನ ತಿರುವುಗಳ ಕಾಲ ನಿಮ್ಮ ಊಹೆಯೆಂಬುದು ನೋಡಿದವರಿಗೆ ತಿಳಿಯಬೇಕು. ಬೇರೆ ಕೋರಿನ ರೇಖೆಯೊಡನೆ ಹೊಂದಿಸಲು ನಿಮ್ಮ ವಯಸ್ಸುಗಳನ್ನು ಎಳೆದಾಡಬೇಡಿ. ಹಾಗೆ ಹೊಂದಿಸಿದ ಮೇಲೆ ‘ಎರಡೂ ಕಡೆ ಒಂದೇ ಕಾಲದಲ್ಲಿ ಮಳೆ ಹೆಚ್ಚಿತು’ ಎಂದು ಬರೆದರೆ ಅದು ಕೆಸರು ಹೇಳಿದ್ದಲ್ಲ.

ಬರೆಯುವ ವಾಕ್ಯದ ಅಳತೆಯೂ ಸಾಕ್ಷಿಯ ಅಳತೆಯಷ್ಟೇ ಇರಲಿ. ಆಮ್ಲಜನಕದ ಉಳಿಕೆ, ಪರಾಗ ಮತ್ತು ಶಿಥಿಲತೆಯ ಸೂಚ್ಯಂಕ ಮೂರೂ ಒಂದೇ ದಿಕ್ಕಿಗಿದ್ದು, ಕಡಲ ಮಟ್ಟದಿಂದ ಅವನ್ನು ವಿವರಿಸಲು ಆಗದಿದ್ದರೆ ‘ಈ ಅವಧಿಯಲ್ಲಿ ಕೋರಿನ ಜಾಗಕ್ಕೆ ನೀರು ಕಳಿಸುವ ಪಶ್ಚಿಮ ಘಟ್ಟದ ಭಾಗದಲ್ಲಿ ಮಳೆ ಹೆಚ್ಚಿದ್ದಿರಬೇಕು’ ಎಂದು ಬರೆಯಬಹುದು. ಎರಡು ಮಾತ್ರ ಒಂದೇ ದಿಕ್ಕಿಗಿದ್ದರೆ, ಒಪ್ಪದ ಮೂರನೆಯದನ್ನು ನಕ್ಷೆಯಿಂದ ತೆಗೆಯದೆ, ಅದು ಏಕೆ ಒಪ್ಪುತ್ತಿಲ್ಲವೆಂಬುದಕ್ಕೆ ನಿಮಗೆ ತೋರಿದ ಕಾರಣಗಳನ್ನು ಕ್ರಮವಾಗಿ ಬರೆದಿಡಿ. ಮೂಲ ಎಣಿಕೆಗಳು, ತೂಕಗಳು, ಬಿಟ್ಟುಬಿಟ್ಟ ಮಾದರಿಗಳು, ಬಳಸಿದ ಸೂತ್ರಗಳು ಮತ್ತು ತಿದ್ದುಪಡಿಗಳನ್ನು ಲೆಕ್ಕದ ಹಾಳೆಯಲ್ಲಿ ಹಾಗೆಯೇ ಉಳಿಸಿ ಪ್ರಬಂಧದ ಜೊತೆಗೆ ಕೊಡಿ. ಉಳಿದ ಕೆಸರನ್ನೂ ಆರಿಸಿದ ಚಿಪ್ಪುಗಳನ್ನೂ ಆಳ ಬರೆದ ಚೀಟಿಯೊಡನೆ ವಿಭಾಗದ ಕಪಾಟಿನಲ್ಲಿ ಒಣಗಿಸಿ ಇಡಿ. ಹೊಸ ವಿಧಾನ ಬಂದಾಗ ಮುಂದಿನ ತಂಡದವರು ಅದೇ ಪದರವನ್ನು ಮತ್ತೊಮ್ಮೆ ಅಳೆಯಬೇಕಾಗುತ್ತದೆ.